ಬಚ್ಚಲಿಗೊಂದು ಬಾಗಿಲು

ಮಡಿವಾಳೆಪ್ಪನ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಇನ್ನು ಹನ್ನೆರಡೇ ದಿನ ಉಳಿದಿತ್ತು. ಉಡುಗೊರೆಯಾಗಿ ಏನು ಆಯೇರಿ ಒಯ್ಯಬೇಕೆಂಬುದು ಮಾತ್ರ ಫಕೀರವ್ವನಿಗೆ ಇನ್ನೂ ಬಗೆಹರಿದಿರಲಿಲ್ಲ. ಬಮ್ಮಿಗಟ್ಟಿಯ ಉಳಿದ ಮಂದಿಗೆ ಅದು ತಲೆ ಕೆಡಿಸಿಕೊಳ್ಳುವ ಮಾತೇ ಅಲ್ಲ. ಕಲಘಟಗಿ ಸಂತೆಗೆ ಹೋಗುವುದು, ಸ್ಟೀಲಿನ ಕೊಡವನ್ನೋ ಡಬ್ಬಿಯನ್ನೋ ಆರಿಸುವುದು, ಅದರ ಕುತ್ತಿಗೆಯ ಮೇಲೆ ತಮ್ಮ ಹೆಸರು ಕೊರೆಸುವುದು, ಅಷ್ಟೇ. ಅದು ಎಪ್ಪತ್ನಾಲ್ಕನೆಯ ಇಸವಿ. ಸ್ಟೀಲಿನ ಹುಚ್ಚು ಊರಿಗೆ ಆಗತಾನೇ ಹಿಡಿದಿತ್ತು. ಪಾತ್ರೆ ಸಣ್ಣದಿದ್ದರೂ ನಡೆಯುತ್ತಿತ್ತು, ಕೊರೆಸಿದ ಹೆಸರು ಸಣ್ಣದಿದ್ದರೆ ನಡೆಯುತ್ತಿರಲಿಲ್ಲ.

ಫಕೀರವ್ವನ ಗಂಡ ಭರಮಪ್ಪ ಕುರಿ ಕಾಯುವವ, ಮಳೆಗಾಲದಲ್ಲಿ ಕಂಬಳಿ ನೇಯುವವ. ಅವನಿಗೂ ಇದರಲ್ಲಿ ಯೋಚಿಸುವಂಥದ್ದು ಏನೂ ಕಾಣಲಿಲ್ಲ.

"ಕುರುಬರ ಮನಿಯಿಂದ ಕಂಬಳಿ ಹೋಗೂದು ನಮ್ಮ ಮುತ್ತ್ಯಾನ ಕಾಲದಿಂದ ನಡದ ಬಂದೈತಿ. ಒಂದ ಚಲೋ ಕರೇ ಕಂಬಳಿ ಕೊಡೂಣು, ಮುಗೀತು."

"ಕಂಬಳಿ ಮಡಿವಾಳೆಪ್ಪಗ ಆತು. ಹೊತಗೊಂಡ ಹೊಲಕ್ಕ ಹೋಗತಾನ. ಗೌರಿಗೇನ ಆತು?"

"ಗಂಡಗ ಕೊಟ್ರ ಹೆಂಡ್ತಿಗೆ ಕೊಟ್ಟಂಗ ಅಲ್ಲೇನ ಬೇ?"

"ಹಂಗಾರ ನಾಳಿಂದ ಮಡಿವಾಳೆಪ್ಪ ಉಣ್ಣಲಿ, ಗೌರಿ ಹೊಟ್ಟಿ ತುಂಬಲಿ."

ಭರಮಪ್ಪ ಕಂಬಳಿಯ ಮಾತು ಬಿಟ್ಟು ಚಿಲುಮೆಗೆ ಕೈ ಹಾಕಿದ. ಹೆಂಡತಿಯ ಹಟದ ಪರಿಚಯ ಅವನಿಗೆ ಚೆನ್ನಾಗಿಯೇ ಇತ್ತು.

ಗೌರಕ್ಕ ಮಡಿವಾಳೆಪ್ಪನ ಹೆಂಡತಿ. ಅವಳೂ ಫಕೀರವ್ವನೂ ಕುಂದಗೋಳದ ಕಡೆಯ ಒಂದೇ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಒಂದೇ ವರ್ಷ ಇಬ್ಬರೂ ಬಮ್ಮಿಗಟ್ಟಿಗೆ ಸೊಸೆಯರಾಗಿ ಬಂದರು. ಗೌರಕ್ಕ ಲಿಂಗಾಯತರ ದೊಡ್ಡ ವಾಡೆಗೆ, ಫಕೀರವ್ವ ಊರಂಚಿನ ಕುರಿ ದಡ್ಡಿಯ ಪಕ್ಕದ ಗುಡಿಸಲಿಗೆ. ವಾಡೆಯಲ್ಲಿ ಫಕೀರವ್ವ ಹಿತ್ತಲು ದಾಟಿ ಒಳಗೆ ಹೋದವಳಲ್ಲ. ಹೋಗು ಎಂದವರೂ ಇಲ್ಲ, ಬೇಡ ಎಂದವರೂ ಇಲ್ಲ, ಅದು ಹಾಗೇ ನಡೆದು ಬಂದಿತ್ತು. ಆದರೆ ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಎರಡು ಕಲ್ಲುಗಳು ಪಕ್ಕಪಕ್ಕದಲ್ಲಿದ್ದವು. ಇಪ್ಪತ್ತು ವರ್ಷದ ಸುಖ ದುಃಖವನ್ನೆಲ್ಲ ಅವರು ಆ ಕಲ್ಲುಗಳ ಮೇಲೆಯೇ ಹಿಂಡಿ ಹರವಿದ್ದರು. ಈಗ ಮಡಿವಾಳೆಪ್ಪ ಅಣ್ಣತಮ್ಮಂದಿರಿಂದ ಬೇರೆಯಾಗಿ ಊರ ಆಚೆ ತನ್ನದೇ ಮನೆ ಕಟ್ಟಿದ್ದ. ನಲವತ್ತರ ಹತ್ತಿರ ಬಂದ ಗೌರಕ್ಕ ಮೊದಲ ಸಲ ಒಂದು ಮನೆಯ ಯಜಮಾನತಿ ಆಗುತ್ತಿದ್ದಳು. ಹೀಗಿರುವಾಗ ಒಂದು ಡಬ್ಬಿ ಕೊಟ್ಟು ಕೈ ತೊಳೆದುಕೊಳ್ಳಲು ಫಕೀರವ್ವನಿಗೆ ಮನಸ್ಸಾದರೂ ಹೇಗೆ ಬಂದೀತು?

ಆದರೂ ನೋಡಿಯೇ ಬಿಡೋಣವೆಂದು ಅವಳು ಸಂತೆಗೆ ಹೋದಳು. ಪಾತ್ರೆ ಮಾರುವ ಮಶಾಕಸಾಬ ಒಂದೊಂದನ್ನೇ ಬೆರಳಿನಿಂದ ಬಾರಿಸಿ ಸದ್ದು ಕೇಳಿಸಿದ. ಕೊಡ ನೋಡಿದಳು. ಅದನ್ನು ಹೊತ್ತು ನೀರು ತರುವವಳು ಗೌರಿ. ಪರಾತ ನೋಡಿದಳು. ಅದರಲ್ಲಿ ಹಿಟ್ಟು ನಾದುವವಳು ಗೌರಿ. ಬೋಗುಣಿ, ಸೌಟು, ಚರಗಿ, ಎಲ್ಲವೂ ಅಂಗಡಿಯಲ್ಲಿ ಮಿರಿಮಿರಿ ಮಿಂಚುತ್ತ, ಏಳು ಗೌರಿ, ಕೆಲಸಕ್ಕೆ ಬಾ ಗೌರಿ, ಎಂದು ಕರೆಯುವಂತೆ ಕಂಡವು.

"ಇದರಾಗ ಹೆಂಗಸು ತನಗಂತ ಇಟಗೊಳ್ಳೂದು ಏನರ ಐತೇನ ಸಾಬಣ್ಣ?"

"ತಾಟ ಐತಲ್ಲಬೇ. ಕುಂತ ಉಣ್ಣಾಕ."

"ಅದರಾಗ ಮೊದಲ ಗಂಡ ಉಣತಾನ."

ಮಶಾಕಸಾಬ ನಕ್ಕು ತಾಟನ್ನು ಒರೆಸಿ ಮತ್ತೆ ಅದರ ಜಾಗದಲ್ಲಿಟ್ಟ. ಫಕೀರವ್ವ ಬರಿಗೈಯಲ್ಲಿ ಬಸ್ಸು ಹತ್ತಿದಳು.

ಮರುದಿನ ಅವಳು ಹೊಸ ಮನೆ ನೋಡಲು ಹೋದಳು. ಹಿತ್ತಲಿನಿಂದ ಒಳಗೆ ಬರುತ್ತಿದ್ದವಳನ್ನು ಗೌರಕ್ಕ ಕೈ ಹಿಡಿದು ಮುಂಬಾಗಿಲಿಗೆ ಕರೆದೊಯ್ದಳು. ಬಡಿಗೇರ ಮಾನಪ್ಪ ಆ ಬಾಗಿಲಿಗಾಗಿ ಮೂರು ತಿಂಗಳು ಕೂತು ಸಾಗವಾನಿಯಲ್ಲಿ ಗಿಣಿ, ಬಳ್ಳಿ, ಎತ್ತು, ಎಲ್ಲ ಕೆತ್ತಿದ್ದ. ನಡುಮನೆಗೆ ಬಾಗಿಲು, ಅಡಿಗೆಮನೆಗೆ ಬಾಗಿಲು, ದೇವರಮನೆಗೆ ಬಾಗಿಲು. ಜೋಳದ ಚೀಲ ಇಡುವ ಕೋಣೆಗೆ ಬಾಗಿಲು, ಅದಕ್ಕೆ ಕೀಲಿ ಬೇರೆ. ಹಿತ್ತಲಿಗೊಂದು. ಗೌರಕ್ಕ ಒಂದೊಂದನ್ನೂ ತೆರೆದು, ಹಾಕಿ, ಮತ್ತೆ ತೆರೆದು ತೋರಿಸಿದಳು. ಅವಳ ಮುಖದಲ್ಲಿ ಅಂಥ ಖುಷಿಯನ್ನು ಫಕೀರವ್ವ ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಕೊನೆಗೆ ಹಿತ್ತಲ ಮೂಲೆಗೆ ಬಂದರು. ಅಲ್ಲಿ ಬಚ್ಚಲು. ಎದೆಮಟ್ಟದ ಮೂರು ಮಣ್ಣಿನ ಗೋಡೆ, ಕೆಳಗೆ ಚಂದದ ಹೊಸ ಹಾಸುಗಲ್ಲು, ನಾಲ್ಕನೆಯ ಬದಿಗೆ ಒಂದು ಗೋಣಿಚೀಲ. ಚೀಲ ಹೊಸದು. ಅದನ್ನು ಹೊಡೆದ ಮೊಳೆಗಳೂ ಹೊಸವು, ಬಿಸಿಲಿಗೆ ಫಳಫಳ ಅನ್ನುತ್ತಿದ್ದವು.

ಎರಡು ತಿಂಗಳ ಕೆಳಗೆ ಕೆರೆಯ ದಂಡೆಯಲ್ಲಿ ಗೌರಕ್ಕ ನಗುತ್ತ ಹೇಳಿದ ಮಾತು ಫಕೀರವ್ವನ ಕಿವಿಗೆ ಬಂದು ಬಡಿಯಿತು. ವಾಡೆಯಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು, ಆಳುಕಾಳು, ಎಲ್ಲರಿಗೂ ಸೇರಿ ಇಂಥದೇ ಒಂದು ಬಚ್ಚಲು. ಮದುವೆಯಾದ ಹೊಸತರಲ್ಲಿ ಒಮ್ಮೆ ಗಾಳಿಗೆ ಚೀಲ ಹಾರಿತ್ತು, ಎದುರಿಗೆ ಮೈದುನ ನಿಂತಿದ್ದ. ಅವನು ಪಾಪ, ಮುಖ ತಿರುಗಿಸಿಕೊಂಡು ಹೋದ. ಆದರೆ ಆ ದಿನದಿಂದ ಗೌರಕ್ಕ ಸೀರೆ ಉಟ್ಟುಕೊಂಡೇ ಮೇಲೆ ನೀರು ಸುರುವಿಕೊಂಡು, ಚಳಿಗಾಲದಲ್ಲೂ ಒದ್ದೆ ಸೀರೆಯಲ್ಲೇ ಓಡಿ ಕಾಳಿನ ಕೋಣೆಯ ಕತ್ತಲಲ್ಲಿ ಉಡುಪು ಬದಲಿಸುವುದನ್ನು ರೂಢಿ ಮಾಡಿಕೊಂಡಳು. "ಇಪ್ಪತ್ತ ವರ್ಷ ಆತು ಫಕೀರಿ, ನನ್ನ ಬೆನ್ನ ನಾ ತಿಕ್ಕಿಲ್ಲ. ಬರೇ ಮೈ ಮ್ಯಾಲ ಒಂದ ತಂಬಿಗಿ ನೀರ ಹಾಕ್ಕೊಂಡಿಲ್ಲ," ಅಂದಿದ್ದಳು. ಅಂದು ಫಕೀರವ್ವನೂ ನಕ್ಕಿದ್ದಳು. ಕುರಿಯ ಬೆನ್ನು ಹತ್ತಿ ಅಡ್ಡಾಡುವ ಅವಳಿಗೆ ಹಳ್ಳವಿತ್ತು, ಹಳ್ಳದ ದಂಡೆಗೆ ಲಕ್ಕಿ ಗಿಡಗಳ ಮರೆಯಿತ್ತು, ಮನಸ್ಸು ಬಂದಷ್ಟು ಹೊತ್ತು ನೀರಲ್ಲಿ ಕೂತು ಬರುತ್ತಿದ್ದಳು. ನಕ್ಕಿದ್ದಕ್ಕೆ ಈಗ ನಾಚಿಕೆಯಾಯಿತು.

"ಇದಕ್ಕ್ಯಾಕ ಬಾಗಲಾ ಇಲ್ಲ?"

"ಬಚ್ಚಲಕ್ಕ ಯಾರರ ಬಾಗಲಾ ಇಡತಾರೇನ ಬೇ?"

"ನಾ ಇಡತೇನಿ. ಇದ ನನ್ನ ಆಯೇರಿ."

ಗೌರಕ್ಕ ಗಾಬರಿಯಾಗಿ ಸುತ್ತ ನೋಡಿದಳು. "ಹುಚ್ಚಿ, ಬ್ಯಾಡ. ಮಂದಿ ನಗತಾರ. ಅತ್ತಿ ಸುಮ್ಮನ ಬಿಡತಾರೇನ? ಬಾಗಲಾ ಹಾಕ್ಕೊಂಡ ಒಳಗ ಏನ ನಡಸ್ಯಾಳ ಅಂತಾರ."

ಬೇಡ ಎಂದಳು, ಮಂದಿಯನ್ನು ಹೆಸರಿಸಿದಳು, ಅತ್ತೆಯನ್ನು ಹೆಸರಿಸಿದಳು. ನನಗೆ ಬೇಡ ಎಂದು ಮಾತ್ರ ಅನ್ನಲಿಲ್ಲ. ಫಕೀರವ್ವನಿಗೆ ಅಷ್ಟು ಸಾಕಾಯಿತು.

ಅಲ್ಲಿಂದ ನೆಟ್ಟಗೆ ಮಾನಪ್ಪನ ಕಮ್ಮಟಕ್ಕೆ ಹೋದಳು. ಮಾನಪ್ಪ ಉಳಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಮುಗಿಯುವ ತನಕ ಫಕೀರವ್ವ ಕಂಬಕ್ಕೆ ಆತುಕೊಂಡು ನಿಂತಳು.

"ನಗೂದ ಮುಗೀತೇನಪಾ? ಎಂದ ಮಾಡಿ ಕೊಡತಿ ಹೇಳು."

"ಕಟಗಿ ಎಲ್ಲೈತಿ ಯವ್ವಾ? ನನ್ನ ಹತ್ರ ಒಂದ ಫಳಿ ಸೈತ ಉಳದಿಲ್ಲ."

ಕಟ್ಟಿಗೆ ಫಕೀರವ್ವನ ಮನೆಯಲ್ಲೇ ಇತ್ತು. ಹೋದ ಮಳೆಗಾಲದಲ್ಲಿ ತೋಳ ಬಂದು ಎರಡು ಮರಿ ಒಯ್ದ ಮೇಲೆ ಭರಮಪ್ಪ ತಂಬೂರದ ಕಾಡಿನ ಕಡೆಯಿಂದ ಮತ್ತಿ ಮರದ ಗಟ್ಟಿ ಹಲಗೆ ತರಿಸಿ, ದಡ್ಡಿಗೆ ಎರಡು ಕದದ ಬಾಗಿಲು ಮಾಡಿಸಲು ಜೋಡಿಸಿಟ್ಟಿದ್ದ. ಅದರಲ್ಲಿ ಅರ್ಧ ಬೇಕು ಎಂದಾಗ ಅವನು ಕುಣಿದಾಡಿದ.

"ಕುರಿಗೆ ಹಾಕೂ ಬಾಗಲಾ ತಗದ ಬಚ್ಚಲಕ್ಕ ಹಾಕತೇನಿ ಅಂತೀಯಲ್ಲ, ನಿನಗ ತಲಿ ನೆಟ್ಟಗೈತೇನ?"

"ಕುರಿಗೆ ಬಾಗಲಾ ಬೇಕು, ಗೌರಿಗೆ ಬ್ಯಾಡಾ?"

ಭರಮಪ್ಪ ಹಲಗೆಗಳ ಮೇಲೆ ಕೈಯಾಡಿಸಿದ. "ತೋಳ ಬಂದ್ರ?" ಎಂದ.

"ಅರ್ಧಾ ದಡ್ಡಿಗೆ ಮುಳ್ಳ ಹಚ್ಚು, ಅಲ್ಲೇ ಮಲಗು. ನಿನ್ನ ಗೊರಕಿ ಕೇಳಿದ ತೋಳ ಹೊಳ್ಳಿ ಬರೂದಿಲ್ಲ."

ಹಾಗೆ ಬಾಗಿಲು ತಯಾರಾಯಿತು. ಮಾನಪ್ಪ ರೂಢಿಯಂತೆ ಅಗಳಿಯನ್ನು ಹೊರಬದಿಗೆ ಇಟ್ಟು ಗುರುತು ಹಾಕಿದ್ದ. ಊರಿನಲ್ಲಿ ಅವನು ಮಾಡಿದ ಕೋಣೆಯ ಬಾಗಿಲುಗಳೆಲ್ಲ ಹಾಗೆಯೇ, ಒಳಗಿದ್ದದ್ದು ಹೊರಗೆ ಹೋಗಬಾರದು ಎಂದು. ಫಕೀರವ್ವ ಕದವನ್ನೇ ತಿರುವಿ ನಿಲ್ಲಿಸಿದಳು.

"ಒಳಗ ಹಾಕು. ಹೊರಗ ಒಂದ ಮೊಳಿ ಸೈತ ಬ್ಯಾಡ."

ಮೂರು ಮುಂಜಾನೆ ಗಂಡ ಹೆಂಡತಿ ಕೂಡಿ ಮಣ್ಣು ತುಳಿದು, ಎದೆಮಟ್ಟದ ಗೋಡೆಗಳನ್ನು ಆಳೆತ್ತರಕ್ಕಿಂತ ಮೇಲೆ ಏರಿಸಿದರು. ಭರಮಪ್ಪ ಗೊಣಗುತ್ತಲೇ ತುಳಿದ, ಆದರೆ ಮಣ್ಣು ಹದವಾಗಿ ತುಳಿದ. ಮಾನಪ್ಪ ಚೌಕಟ್ಟು ನಿಲ್ಲಿಸಿ ಕದ ಏರಿಸಿದ. ಮಡಿವಾಳೆಪ್ಪ ಒಮ್ಮೆ ಬಂದು ನೋಡಿ, "ನಿಮ್ಮ ಆಯೇರಿ, ನಿಮ್ಮ ಖುಷಿ," ಎಂದು ಹೋದ. ಅವನು ಕೆಟ್ಟವನಲ್ಲ. ಇಪ್ಪತ್ತು ವರ್ಷದಲ್ಲಿ ಹೆಂಡತಿ ಹೇಗೆ ಮೀಯುತ್ತಾಳೆ ಎಂದು ಒಂದು ದಿನವೂ ವಿಚಾರ ಮಾಡದ ಸಾದಾ ಮನುಷ್ಯ, ಅಷ್ಟೇ.

ಒಕ್ಕಲಿಗೆ ನಾಲ್ಕು ದಿನ ಇದ್ದಾಗ ಅನ್ನವ್ವ ಬಂದಳು. ಗೌರಕ್ಕನ ಅತ್ತೆ. ಎಪ್ಪತ್ತು ದಾಟಿದರೂ ಬೆನ್ನು ಬಾಗದ ಮುದುಕಿ, ವಾಡೆಯಲ್ಲಿ ಅವಳು ಕೆಮ್ಮಿದರೆ ನಾಲ್ಕು ಸೊಸೆಯರ ಕೈ ನಿಲ್ಲುತ್ತಿತ್ತು. ಮುಂಬಾಗಿಲಿನಿಂದ ಶುರು ಮಾಡಿ ಬಾಗಿಲಿಗೊಂದು ಬೆರಳು ಮಡಿಚುತ್ತ ಹಿತ್ತಲ ತನಕ ಬಂದಳು. ಮಗ, ಸೊಸೆ, ಮಾನಪ್ಪ, ಫಕೀರವ್ವ, ಎಲ್ಲರೂ ಹಿಂದೆಯೇ ಬಂದರು. ಬಚ್ಚಲ ಮುಂದೆ ಬೆರಳು ನಿಂತಿತು.

"ಏಳು," ಎಂದಳು.

ಮಾನಪ್ಪನ ಮುಖ ಸಣ್ಣದಾಯಿತು. ಮನೆಗೆ ಬಾಗಿಲುಗಳು ಎರಡರ ಲೆಕ್ಕದಲ್ಲೇ ಇರಬೇಕು, ಬೆಸ ಸಂಖ್ಯೆ ಬಂದರೆ ಮನೆ ಏಳಿಗೆಯಾಗುವುದಿಲ್ಲ ಎಂಬುದು ಆ ಸೀಮೆಯಲ್ಲಿ ಕೂಸಿಗೂ ಗೊತ್ತು. ಮಾನಪ್ಪ ಆರು ಮಾಡಿದ್ದೂ ಅದಕ್ಕೇ. ಬಚ್ಚಲಿಗೆ ಹಿಂದೆ ಯಾರೂ ಬಾಗಿಲು ಇಡಿಸಿರಲಿಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದೇ ಅವನಿಗೆ ಹೊಳೆದಿರಲಿಲ್ಲ. ಫಕೀರವ್ವನೋ, ದಿನಾ ಸಂಜೆ ತಪ್ಪದೆ ಕುರಿ ಎಣಿಸುವವಳು, ಬಾಗಿಲು ಎಣಿಸಿರಲಿಲ್ಲ.

"ಬಚ್ಚಲದ್ದ ಲೆಕ್ಕಕ್ಕ ಬರೂದಿಲ್ಲ ಅಂತ..." ಎಂದು ಮಾನಪ್ಪ ತೊದಲಿದ.

"ಚೌಕಟ್ಟ ಐತಿ, ಹೊಸ್ತಲಾ ಐತಿ. ಬಾಗಲಾ ಅಲ್ದ ಮತ್ತೇನದು? ಇವತ್ತ ಸಂಜೀ ಒಳಗ ಕೀಳು."

"ಕಿತ್ತರ ಆತ ಬಿಡ್ರಿ ಅತ್ತಿ," ಎಂದಳು ಗೌರಕ್ಕ. ಮಾತು ಸಲೀಸಾಗಿಯೇ ಬಂತು. ಆದರೆ ಅವಳ ಕಣ್ಣು ಮೂಲೆಯಲ್ಲಿ ಸುತ್ತಿ ಬಿಸಾಡಿದ್ದ ಗೋಣಿಚೀಲದ ಕಡೆ ಹೋಯಿತು. ಅದನ್ನು ನಾಳೆ ಮತ್ತೆ ಎಲ್ಲಿಗೆ ಹೊಡೆಯಬೇಕು ಎಂದು ಈಗಲೇ ಅಳತೆ ಹಾಕುತ್ತಿದ್ದಂತೆ ಕಂಡಿತು. ಫಕೀರವ್ವನಿಗೆ ಅದನ್ನು ನೋಡಲಾಗಲಿಲ್ಲ.

"ಏಳ ಬ್ಯಾಡಂದ್ರ ಎಂಟ ಮಾಡೂಣ್ರಿ ಯವ್ವಾರ," ಎಂದಳು.

"ಎಂಟನೇದ ಎಲ್ಲಿ ಇಡತಿ? ನನ್ನ ನೆತ್ತಿ ಮ್ಯಾಲ?"

ಫಕೀರವ್ವ ಹಿತ್ತಲನ್ನೆಲ್ಲ ಒಮ್ಮೆ ಕಣ್ಣಾಡಿಸಿದಳು. ಮನೆಗೆ ಹೊಂದಿಕೊಂಡು ಎತ್ತಿನ ಕೊಟ್ಟಿಗೆ ಇತ್ತು. ಅದರ ಬಾಯಿ ತೆರೆದೇ ಇತ್ತು.

"ಎತ್ತಿನ ಕೊಟಗಿಗೆ."

ಆ ತನಕ ಸುಮ್ಮನಿದ್ದ ಮಡಿವಾಳೆಪ್ಪನ ಮುಖ ಅರಳಿತು. "ಎವ್ವಾ, ಈ ಮಾತ ಖರೇ ಐತಿ! ಎತ್ತಿಗೆ ಬಾಗಲಾ ಇಲ್ಲಂದ್ರ ಹೆಂಗ? ಕಳ್ಳರ ಕಾಲ. ಮಾನಪ್ಪ, ಈಗಿಂದೀಗ ಅಳತಿ ತಗೊ."

ಬಚ್ಚಲಿಗೆ ಬಾಗಿಲು ಎಂದಾಗ ಒಮ್ಮೆ ಇಣುಕಿ ಹೋದ ಮನುಷ್ಯ, ಎತ್ತಿಗೆ ಬಾಗಿಲು ಎಂದ ಕೂಡಲೇ ತಾನೇ ಹಗ್ಗ ಹಿಡಿದು ಅಳತೆಗೆ ನಿಂತ. ಎತ್ತುಗಳ ಪುಣ್ಯದಿಂದ ಗೌರಕ್ಕನ ಬಾಗಿಲು ಉಳಿಯಿತು. ಅನ್ನವ್ವನಿಗೆ ಲೆಕ್ಕದಲ್ಲಿ ಕೊಂಕು ತೆಗೆಯಲು ಏನೂ ಉಳಿಯಲಿಲ್ಲ. "ಬಚ್ಚಲದಾಗ ಏನ ಬಂಗಾರ ಮುಚ್ಚಿ ಇಡತೀರೋ ಇಡ್ರಿ," ಎಂದು ಮೂಗು ಮುರಿದು ಹೋದಳು.

ಮನೆಗೆ ಬಂದು ಫಕೀರವ್ವ ಉಳಿದ ಹಲಗೆಗಳ ಮುಂದೆ ನಿಂತಾಗ ಭರಮಪ್ಪನಿಗೆ ಎಲ್ಲ ತಿಳಿಯಿತು. "ಅವನ್ನೂ ಒಯ್ಯಿ. ನಾಳೆ ಮಗ್ಗಾನೂ ಒಯ್ಯಿ. ನನ್ನನ್ನೂ ಎಲ್ಲೆರ ಚೌಕಟ್ಟಿಗೆ ಹೊಡಿ," ಎಂದು ಒದರಿದ. ಒದರುತ್ತಲೇ ತಲೆಗೆ ಸಿಂಬಿ ಇಟ್ಟುಕೊಂಡು ಹಲಗೆಗಳನ್ನು ತಾನೇ ಹೊತ್ತು ನಡೆದ.

ಬಸವ ಜಯಂತಿಯ ದಿನ ಒಕ್ಕಲು. ಆಕಳು ಹೊಕ್ಕಿತು, ಹಾಲು ಉಕ್ಕಿತು, ಅಯ್ಯನವರ ಪೂಜೆ ಮುಗಿಯಿತು. ನಡುಮನೆಯಲ್ಲಿ ಸಣ್ಣಪ್ಪ ಎಂಬ ದೊಡ್ಡ ಗಂಟಲಿನ ಬೀಗರವ ನಿಂತು ಆಯೇರಿ ಕೂಗತೊಡಗಿದ. ಇಂಥವರದು ಕೊಡ ಒಂದು, ಇಂಥವರದು ಗಡಿಯಾರ ಒಂದು. ಪಾತ್ರೆಗಳು ಗೋಡೆಯ ಪಕ್ಕ ಏರುತ್ತ ಹೋದವು. ಒಂದು ಹೆಸರಿಗೆ ಬಂದಾಗ ಸಣ್ಣಪ್ಪ ತಡವರಿಸಿ, ಮಡಿವಾಳೆಪ್ಪನ ಕಿವಿಯಲ್ಲಿ ಏನೋ ಕೇಳಿ, ನಗು ತಡೆಯಲಾರದೆ ಕೂಗಿದ.

"ಕುರುಬರ ಭರಮಪ್ಪನವರದು, ಮಡಿವಾಳೆಪ್ಪನವರಿಗೆ, ಬಚ್ಚಲದ ಬಾಗಲಾ ಒಂದು!"

ಎಲೆ ಅಡಿಕೆ ಹಾಕಿಕೊಂಡಿದ್ದ ಗಂಡಸರೆಲ್ಲ ಗೊಳ್ಳೆಂದರು. ಒಬ್ಬನಿಗೆ ನಕ್ಕು ಕೆಮ್ಮು ಹತ್ತಿತು. ಗೌರಕ್ಕ ಅಡಿಗೆಮನೆಯ ಬಾಗಿಲ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡಳು. ಹಿತ್ತಲಲ್ಲಿ ಹೆಂಗಸರ ನಡುವೆ ಕೂತಿದ್ದ ಫಕೀರವ್ವ ಎದ್ದು ಬಂದು, ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ನಿಂತಳು.

"ಸಣ್ಣಪ್ಪಾರ, ತಪ್ಪ ಒದರಿದ್ರಿ. ಭರಮಪ್ಪಂದಲ್ಲ, ಫಕೀರವ್ವಂದು. ಮಡಿವಾಳೆಪ್ಪಗಲ್ಲ, ಗೌರಕ್ಕಗ. ಇನ್ನೊಮ್ಮೆ ಒದರ್ರಿ."

ನಗು ನಿಂತಿತು. ಸಣ್ಣಪ್ಪ ಅತ್ತ ಇತ್ತ ನೋಡಿ, ಸ್ವಲ್ಪ ಸಣ್ಣ ದನಿಯಲ್ಲಿ, ಅವಳು ಹೇಳಿದ ಹಾಗೆಯೇ ಇನ್ನೊಮ್ಮೆ ಕೂಗಿದ.

ಊಟ ಮುಗಿದಾಗ ಹೊತ್ತು ಇಳಿದಿತ್ತು. ಬೆಳಗಿನ ಜಾವದಿಂದ ಒಲೆಯ ಮುಂದೆ ಬೆಂದ ಗೌರಕ್ಕ ಬೆವರು, ಹೊಗೆ, ಹೂರಣ ಎಲ್ಲ ಮೈಗೆ ಮೆತ್ತಿಕೊಂಡು ಹಿತ್ತಲಿಗೆ ಬಂದಳು. ಫಕೀರವ್ವ ಆಗಲೇ ಬಚ್ಚಲ ಪಕ್ಕದ ಒಲೆಯ ಮೇಲೆ ಹಂಡೆ ನೀರು ಕಾಯಿಸಿ ಒಳಗೆ ಇಟ್ಟಿದ್ದಳು.

"ನಡಿ ಒಳಗ."

"ಬ್ಯಾಡ ಬೇ, ಮನಿ ತುಂಬ ಮಂದಿ ಅದಾರ."

"ಮಂದಿ ಇದ್ದದ್ದಕ್ಕ ಬಾಗಲಾ ಐತಿ. ನಡಿ."

ಗೌರಕ್ಕ ಹೊಸ್ತಿಲ ತನಕ ಬಂದಳು. ಅಷ್ಟರಲ್ಲಿ ಹಿಂದಿನಿಂದ ಕೆಮ್ಮು ಕೇಳಿಸಿತು. ಅವಳ ಕಾಲು ತಾನಾಗಿ ಹಿಂದಕ್ಕೆ ಬಂತು.

"ಹಿರೇರಿನ್ನೂ ಬದುಕೇವಿ," ಎಂದಳು ಅನ್ನವ್ವ. "ಅತ್ತಾಗ ಸರಿ. ಹಂತಾದ್ದ ಒಳಗ ಏನೈತಿ ನಾ ಮೊದಲ ನೋಡತೇನಿ."

ಮುದುಕಿ ಒಳಗೆ ಹೋದಳು. ಕದವನ್ನು ಹಿಂದಿನಿಂದ ದೂಡಿದಳು. ಹಾಸುಗಲ್ಲ ಮೇಲೆ ನಾಲ್ಕು ಹೆಜ್ಜೆ ಕೇಳಿಸಿದವು, ಆಮೇಲೆ ಏನೂ ಇಲ್ಲ. ಗೆಳತಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಒಳಗಿನಿಂದ ಅಗಳಿ ಸರಿದು ಬೀಳುವ ಸದ್ದು ಬಂತು.

ಬಹಳ ಹೊತ್ತು ಹೋಯಿತು. ಕದದ ಆಚೆಯಿಂದ ಬಿಸಿನೀರು ತೋಡುವ ಸದ್ದು, ಸುರಿಯುವ ಸದ್ದು, ಮತ್ತೆ ತೋಡುವ ಸದ್ದು. ಎಪ್ಪತ್ತರ ಜೀವ, ಹೊಸ ಕಲ್ಲು, ಜಾರಿ ಬಿದ್ದಾಳೆಂದು ಗೌರಕ್ಕ ಹೆದರಿದಳು. ಅವಳು ಕದಕ್ಕೆ ಬಾಯಿ ಹಚ್ಚಿ, "ಅತ್ತಿ, ಆರಾಮ ಅದೀರಿಲ್ರಿ?" ಎಂದಳು.

"ಗದ್ಲಾ ಮಾಡಬ್ಯಾಡ. ಬೆನ್ನ ತಿಕ್ಕೊಳ್ಳಾಕತ್ತೇನಿ."

ಫಕೀರವ್ವ ಗೌರಕ್ಕನ ತೋಳು ಮುಟ್ಟಿ ಮೇಲೆ ತೋರಿಸಿದಳು. ಕದದ ನೆತ್ತಿಯ ಮೇಲೆ ಅನ್ನವ್ವನ ಹಸಿರು ಇಳಕಲ್ಲ ಸೀರೆ ಜೋತುಬಿದ್ದಿತ್ತು. ಅದರ ಒಂದು ಎಳೆಯೂ ಒದ್ದೆಯಾಗಿರಲಿಲ್ಲ. ಗೌರಕ್ಕ ಅದನ್ನೇ ನೋಡುತ್ತ ನಿಂತಳು. ತಾನು ಇಪ್ಪತ್ತು ವರ್ಷ ಒದ್ದೆ ಸೀರೆಯಲ್ಲಿ ಮಿಂದಿದ್ದರೆ ಈ ಮುದುಕಿ ಐವತ್ತೈದು ವರ್ಷ ಮಿಂದಿದ್ದಳು, ಅದು ಒಂದು ದಿನವೂ ಅವಳ ತಲೆಗೆ ಬಂದಿರಲಿಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ. ಫಕೀರವ್ವ ಅಳಲು ಬಿಟ್ಟಳು.

ಅನ್ನವ್ವ ಹೊರಗೆ ಬಂದಾಗ ಬಿಳಿ ಕೂದಲು ಬೆನ್ನ ತುಂಬ ಹರಡಿತ್ತು, ಮುಖ ಕೆಂಪಗೆ ಹೊಳೆಯುತ್ತಿತ್ತು. ಯಾರ ಕಣ್ಣಿಗೂ ಕಣ್ಣು ಕೊಡಲಿಲ್ಲ. ಸೀರೆಯ ನೆರಿಗೆ ಕೊಡವಿಕೊಳ್ಳುತ್ತ, "ಫಕೀರಿ, ನೀರ ತೀರ್ಯಾವ, ಇನ್ನೊಂದ ಹಂಡೆ ಕಾಸು," ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, "ಅಗಳಿ ಸ್ವಲ್ಪ ಬಿಗಿ ಐತಿ. ಎತ್ತಿ ಹಾಕು, ಅಂದ್ರ ಕೂಡತೈತಿ."

ನೀರು ಕಾಯಿತು. ಗೌರಕ್ಕ ಒಳಗೆ ಹೋಗಿ ಅಗಳಿಯನ್ನು ಎತ್ತಿ ಹಾಕಿದಳು. ಅನ್ನವ್ವ ಕದದ ಮುಂದಿನ ಕಲ್ಲಿನ ಮೇಲೆ ಕೂತು ಕೂದಲು ಆರಿಸಿಕೊಳ್ಳತೊಡಗಿದಳು. ಸ್ವಲ್ಪ ಹೊತ್ತಿಗೆ ಮಡಿವಾಳೆಪ್ಪ ಅವಸರದಿಂದ ಹಿತ್ತಲಿಗೆ ಬಂದ.

"ಎವ್ವಾ, ಗೌರಿ ಎಲ್ಲಿ? ಬೀಗರು ಹೊಂಟ ನಿಂತಾರ, ಚಾ ಆಗಬೇಕ. ಲಗೂ ಕರಿ."

"ಒಳಗ ಅದಾಳ. ಭಾಳ ತಡಾ ಆಗತೈತಿ," ಎಂದಳು ಅನ್ನವ್ವ. "ಒಲಿ ಎಲ್ಲೈತಿ ನಿನಗ ಗೊತ್ತೈತಲಾ? ಹೋಗ, ನೀ ಹಚ್ಚು."